ಹನ್ನೊಂದನೆಯ ಹಾಳೆ

ಯಲ್ಲಾಪುರ
೧೨ ಫೆಬ್ರವರಿ ೨೦೨೫

ಪ್ರೀತಿಯ ಮಧುರಾ,

ಹೇಗಿದ್ದೀಯೇ? ಬೆಳಗಿನ ವಾಂತಿ ಕಡಿಮೆಯಾಯಿತೋ ಇಲ್ಲವೋ? ನಾಲ್ಕು ತಿಂಗಳು ಕಳೆದರೆ ನಿಲ್ಲುತ್ತದೆ ಎನ್ನುತ್ತಾರೆ. ಶಿಫ್ಟು ಪೂರ್ತಿ ನಿಂತೇ ಇರಬೇಡ. ನಿನ್ನ ಗಂಡ ಶಶಾಂಕನಿಗೆ ಅಡುಗೆ ಕಲಿಸು. ದಿನಕ್ಕೊಂದು ತಂಬುಳಿ ಮಾಡಿದರೆ ಅವನ ಗಂಟೇನೂ ಹೋಗುವುದಿಲ್ಲ.

ಇದನ್ನು ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಮನೆಯಲ್ಲೇ ಕೂತು ಮಾಡುವ ಭಾಷಾಂತರಕ್ಕೆ ಹೋದ ವರ್ಷ ಒಂದು ಸ್ಪ್ಯಾನಿಷ್ ಪದಪಟ್ಟಿ ಬಂದಿತ್ತು. ಎಲ್ಲವೂ ಕೆಲಸ ಬಿಡುವುದಕ್ಕೆ ಸಂಬಂಧಿಸಿದ ಮಾತುಗಳು, ಇಂಗ್ಲಿಷಿಗೆ ಮಾಡಬೇಕಿತ್ತು. ಯಾವ ಕಂಪನಿಯದೆಂದು ನನಗೆ ಕೆಲಸ ಕೊಡುವ ಏಜೆನ್ಸಿಯವರು ಹೇಳುವುದಿಲ್ಲ, ಹೆಸರು ಅಳಿಸಿ ಕಳಿಸುತ್ತಾರೆ. ರೆನುನ್ಸಿಯಾ ಎಂದರೆ ರಾಜೀನಾಮೆ, ಪ್ರೆಆವಿಸೊ ಎಂದರೆ ಮುಂಚಿತವಾಗಿ ಕೊಡುವ ನೋಟಿಸು. ಕೆಲಸದಿಂದ ತೆಗೆದುಹಾಕುವುದಕ್ಕೆ ದೆಸ್ಪಿದೊ ಎಂಬ ಮಾತಿದೆ, ಅದು ಮಾತ್ರ ಪಟ್ಟಿಯಲ್ಲಿರಲಿಲ್ಲ. ಬಿಟ್ಟುಹೋಗಿದೆಯೇ ಎಂದು ಕೇಳಿದೆ. ಅದು ಬೇಡ ಎಂದು ಉತ್ತರ ಬಂತು. ನಾನೂ ಮುಂದಿನ ಪದಕ್ಕೆ ಹೋದೆ. ಕೊನೆಗೆ ರಾಜೀನಾಮೆ ಪತ್ರದ ಒಂದು ನಮೂನೆಯೂ ಇತ್ತು. ‘ವೈಯಕ್ತಿಕ ಕಾರಣಗಳಿಂದ, ಯಾರ ಒತ್ತಾಯವೂ ಇಲ್ಲದೆ’ ಎಂಬ ಸಾಲನ್ನು ಇಂಗ್ಲಿಷಿನಲ್ಲಿ ಚೆಂದ ಕೂರಿಸಲು ಅರ್ಧ ದಿನ ಒದ್ದಾಡಿದ್ದೆ.

ಆಗಸ್ಟಿನಲ್ಲಿ ನೀನು ಧಾರವಾಡದ ಆ ಸ್ಪೇನಿನವರ ಕಾರ್ಖಾನೆಗೆ ಸೇರುವ ದಿನ, ಸಹಿ ಹಾಕಬೇಕಾದ ಹಾಳೆಗಳ ಫೋಟೋ ಕಳಿಸಿ ಓದಿ ಹೇಳು ಅಂದಿದ್ದೆ. ಹದಿನಾಲ್ಕು ಹಾಳೆ. ಹನ್ನೊಂದನೆಯದರಲ್ಲಿ ನನ್ನದೇ ಸಾಲು ಕಂಡಿತು. ನನಗೆ ಆಗ ಹೆಮ್ಮೆಯಾಯಿತು ಮಧುರಾ, ಹೆಮ್ಮೆ! ನಾನು ಬರೆದ ಇಂಗ್ಲಿಷು ಅಷ್ಟು ದೊಡ್ಡ ಕಂಪನಿಯಲ್ಲಿ ಅಚ್ಚಾಗಿದೆ ಎಂದು ಎದುರುಮನೆಯ ಪಾರ್ವತವ್ವನಿಗೂ ತೋರಿಸಿದೆ. ಸೇರುವವಳಿಗೆ ರಾಜೀನಾಮೆ ಪತ್ರ ಯಾಕೆ ಎಂಬುದು ತಲೆಗೇ ಹೋಗಲಿಲ್ಲ. “ಎಂತೂ ಆಗ್ತಿಲ್ಲೆ ಕೂಸೇ, ಎಲ್ಲದಕ್ಕೂ ಸೈನ್ ಹಾಕು” ಅಂದೆ. ನೀನು ಹಾಕಿದೆ.

ನಿನ್ನ ಜೊತೆ ಕೆಲಸಕ್ಕಿದ್ದ ಕಿರವತ್ತಿಯ ಪ್ರತಿಭಾ, ಬಸುರಿಯೆಂದು ತಿಳಿಸಿದ ವಾರದಲ್ಲೇ ತಾನಾಗಿ ಕೆಲಸ ಬಿಟ್ಟಳಂತೆ ಎಂದು ಮೊನ್ನೆ ನೀನು ಹೇಳಿದೆ. ಫೋನ್ ಇಟ್ಟವಳೇ ಆ ಹನ್ನೊಂದನೆಯ ಹಾಳೆಯ ಫೋಟೋ ತೆಗೆದು ನೋಡಿದೆ. ಕೆಳಗೆ ಸಹಿಗೆ ಜಾಗ, ಮೇಲೆ ದಿನಾಂಕ ಖಾಲಿ. ತಮಗೆ ಬೇಕಾದ ದಿನ ಅವರೇ ತುಂಬಿಕೊಂಡರೆ, ತೆಗೆದುಹಾಕಿದರು ಎಂಬ ಮಾತೇ ಬರುವುದಿಲ್ಲ. ತಂಗಿಯನ್ನು ಬಾವಿಗೆ ನೂಕಿದವಳು ನಾನೇ. ಸೋಮವಾರ ಬಸುರಿನ ವಿಷಯ ಮೇಲಿನವರಿಗೆ ತಿಳಿಸುತ್ತೇನೆ ಎಂದಿದ್ದೀಯಲ್ಲ, ತಿಳಿಸಬೇಡ. ಮೊದಲು ಒಬ್ಬ ವಕೀಲರನ್ನು ಕಾಣು.

ಹೊಟ್ಟೆಯಲ್ಲಿರುವ ಕೂಸು ತಣ್ಣಗಿರಲಿ. ಶಶಾಂಕನಿಗೂ ನನ್ನ ಆಶೀರ್ವಾದ.

ನಿನ್ನ ಅಕ್ಕ
ಪರಿಮಳಾ

ತಾ. ಕ.: ಲಕೋಟೆ ಅಂಟಿಸುವಷ್ಟರಲ್ಲಿ ಶಶಾಂಕನ ಫೋನ್ ಬಂತು. ನೀನು ಕ್ಯಾಂಟೀನಿನಲ್ಲಿ ವಾಂತಿ ಮಾಡಿದ್ದನ್ನು ಯಾರೋ ನೋಡಿ ಮೇಲಿನವರಿಗೆ ಹೇಳಿದರಂತೆ. ಇವತ್ತು ಗೇಟಿನಲ್ಲೇ ತಡೆದು, ನಿಮ್ಮ ರಾಜೀನಾಮೆ ಮಂಜೂರಾಗಿದೆ ಎಂದರಂತೆ. ಅಕ್ಕನ ಜೊತೆ ಇನ್ನು ಮಾತಿಲ್ಲ ಎಂದೆಯಂತೆ. ಆಡಬೇಡ. ಆದರೆ ಈ ಪತ್ರ ಹರಿಯಬೇಡ, ವಕೀಲರ ಕೈಗೆ ಕೊಡು. ಆ ಮಾತುಗಳು ನೀನು ಸೇರುವ ಮೊದಲೇ ನಾನು ಬರೆದವು, ನಿನ್ನವಲ್ಲ ಎಂದು ಎಲ್ಲಿ ಕರೆದರೂ ಬಂದು ಹೇಳುತ್ತೇನೆ. ನನ್ನ ಕೆಲಸ ಹೋದರೆ ಹೋಗಲಿ.