ಒಣಮಾವು, ಮಾಮ ಮತ್ತು ಓಟ

ಜನವರಿ ೭, ಬುಧವಾರ

ಗೌನಿಪಲ್ಲಿ ಸೀಮೆಯ ಸಮಸ್ತ ಮಾವಿನ ಮರಗಳ ದಿವ್ಯ ಸನ್ನಿಧಾನಕ್ಕೆ ಈ ಬಡ ಸೇವಕನ ಸಾಷ್ಟಾಂಗ ನಮಸ್ಕಾರ. ನಿಮ್ಮ ವಂಶದ ಹಿರಿಯರೊಬ್ಬರು, ನಮ್ಮ ತೋಟದಂಚಿನ ಒಣಗಿದ ಮರ, ಇವತ್ತು ಕಾಲವಾದರು.

ಆಂಜಿನಪ್ಪ ಮಾಮ ಇಬ್ಬನಿ ಆರೋವರೆಗೂ ಕೊಡಲಿ ಮುಟ್ಟಲಿಲ್ಲ. ಕೈ ಜಾರುತ್ತಂತೆ. ಮರ ಬೀಳಬೇಕಾದ ಕಡೆ ಮೊದಲು ಕಚ್ಚು ಹಾಕಿ, ಆಮೇಲೆ ಹಿಂದಿನಿಂದ ಕಡಿಯತೊಡಗಿದರು. ಮರ ಲಟಕ್ಕೆಂದರೆ ಓಡೋಕೆ ಅಂತ ಹಿಂದಕ್ಕೆ ಓರೆಯಾಗಿ ದಾರೀನೂ ಸವರಿಟ್ಟಿದ್ದರು. ನಾನು ದೂರದಲ್ಲಿ ನಿಂತು ಒಣಕಡ್ಡಿಯೊಂದನ್ನ ಲಟಕ್ಕಂತ ಮುರಿದೆ. ಮಾಮ ಕೊಡಲಿ ಬಿಸಾಕಿ ಓಡಿದರು, ಕಲ್ಲಿಗೆ ಎಡವಿ ಬಿದ್ದರು.

"ಕಡ್ಡಿಗೆ ಹೆದರಿಬಿಟ್ರಾ ಮಾಮ?"

ಬೈಯಲಿಲ್ಲ. ಮಂಡಿ ಒರೆಸಿಕೊಂಡು, "ಒಳ್ಳೇದೇ ಆಯ್ತು ಕಣೋ, ಹುಲ್ಲಲ್ಲಿ ಈ ಕಲ್ಲು ಕಂಡಿರ್ಲಿಲ್ಲ. ಎತ್ತಿ ಆಚೆ ಹಾಕು," ಅಂದರು. ಹಾಕಿದೆ.

ಸ್ವಲ್ಪ ಹೊತ್ತಿಗೆ ಮರ ನಿಜವಾಗಿಯೂ ಲಟಲಟ ಅಂದು, ಅಂದುಕೊಂಡ ಕಡೆಗೇ ಬಿತ್ತು. ಯಾರಿಗೂ ಏನೂ ಆಗಲಿಲ್ಲ.

ಸಂಜೆಯಿಂದ ಮಾಮ ಓಡಿದ ಕಥೆಯನ್ನ ಮನೆಮನೆಗೂ ಹೇಳಿಕೊಂಡು ಬಂದಿದ್ದೀನಿ. ಎರಡನೇ ಸಲ, ಮರ ನಿಜವಾಗಿ ಬೀಳೋವಾಗ, ಅವರಿಗಿಂತ ಮುಂದೆ ಓಡಿದ್ದು ನಾನು ಅನ್ನೋದನ್ನ ಮಾತ್ರ ಹೇಳಿಲ್ಲ. ಆ ಕಲ್ಲು ಇದ್ದ ಜಾಗದಲ್ಲೇ ನನ್ನ ಚಪ್ಪಲಿ ಕಳಚಿಕೊಂಡಿತ್ತು. ಮಾಮ ಅದನ್ನ ತಂದು ಸುಮ್ಮನೆ ಬಾಗಿಲ ಹತ್ತಿರ ಇಟ್ಟಿದ್ದಾರೆ.