ಸಂತಾನವಿಲ್ಲ ಎಂಬ ಸಾಲು

ರಿಗ್ಗೈ, ಕುವೈತ್
12 ಮೇ 1998, ಮಂಗಳವಾರ

ಪ್ರೀತಿಯ ಮಮ್ಮಿ,

ಮೊದಲು ನಿನ್ನ ಬೆಸಾಂವ್ ಬೇಡುತ್ತೇನೆ. ಮುಂದಿನದನ್ನು ಓದಿದ ಮೇಲೆ ಆಶೀರ್ವಾದದ ಕೈ ನನ್ನ ತಲೆಯ ಮೇಲೆ ಉಳಿಯುತ್ತದೋ ಇಲ್ಲವೋ, ಅದಕ್ಕೇ ಈಗಲೇ ಬೇಡಿಬಿಟ್ಟೆ. ಜಾಬ್ರಿಯಾದ ಆಸ್ಪತ್ರೆಯ ನರ್ಸ್ ಆಲಿವ್ ನಾಡಿದ್ದು ರಜೆಗೆ ಮಂಗಳೂರಿಗೆ ಹೊರಟಿದ್ದಾಳೆ. ಪತ್ರದ ಜೊತೆ ಮಂಡಿನೋವಿನ ಮುಲಾಮು, ಹಾಲಿನ ಪುಡಿ ಕಳಿಸಿದ್ದೇನೆ. ತಮ್ಮ ರಾಯ್ಸ್ಟನ್ ಕೈಯಲ್ಲಿ ಓದಿಸಬೇಡ. ಕನ್ನಡಕ ಹಾಕಿಕೊಂಡು ನೀನೇ ಓದು.

ನಮ್ಮ ಆಫೀಸಿನ ಗಿಲ್‌ಮೋರ್ ಸಾಹೇಬರ ವಿಷಯ ಹಿಂದೆ ಬರೆದಿದ್ದೆನಲ್ಲ, ನಿವೃತ್ತಿಯ ಅಂಚಿನಲ್ಲಿರುವ ಸ್ಕಾಟ್ಲೆಂಡಿನವರು. ಅವರದು ಇನ್ವರ್‌ಡೂನ್ ಎಂಬಲ್ಲಿಯ ಹಳೆಯ ಜಮೀನ್ದಾರಿ ಮನೆತನ. ಆರು ತಿಂಗಳಿಂದ ಕೆಲಸ ಮುಗಿದ ಮೇಲೆ ಅವರ ವಂಶಾವಳಿಯನ್ನು ಟೈಪ್ ಮಾಡಿಕೊಡುತ್ತಿದ್ದೇನೆ. ಮೂಲಪುರುಷ ನೆರೆಯವರ ದನ ಕದಿಯುತ್ತಿದ್ದನಂತೆ. ಆಮೇಲೆ ರಾಜನ ಪಕ್ಷ ಸೇರಿ ಯುದ್ಧ ಮಾಡಿದ್ದಕ್ಕೆ, ಕದ್ದ ದನವೆಲ್ಲ ಮೇಯುವಷ್ಟು ಭೂಮಿ ಸಿಕ್ಕಿತು. ಇದನ್ನು ಸಾಹೇಬರು ಎದೆಯುಬ್ಬಿಸಿ ಬರೆಸಿದರು. ನನಗೆ ನಗು ತಡೆಯಲಾಗಲಿಲ್ಲ. ಭೂಮಿಯೆಲ್ಲ ಹಿರಿಯ ಮಗನಿಗೆ. ಕಿರಿಯರು ಹಡಗು ಹತ್ತಿದರು. ಹಾಗೆ ಕೆನಡಾದಲ್ಲೊಂದು ಕವಲು, ನ್ಯೂಜಿಲೆಂಡಿನಲ್ಲೊಂದು.

ಹೋದ ತಿಂಗಳು ಹದಿನಾಲ್ಕನೇ ಹಾಳೆಯಲ್ಲಿ ಈ ಸಾಲು ಬಂತು: ಜೇಮ್ಸ್ ಗಿಲ್‌ಮೋರ್, ಆರ್ಚಿಬಾಲ್ಡನ ಮೂರನೇ ಮಗ, ಮಂಗಳೂರು ಬಂದರಿನಲ್ಲಿ ಹಡಗು ಕಂಪನಿಯ ಏಜೆಂಟ್, 1901ರಲ್ಲಿ ಜ್ವರದಿಂದ ಮರಣ, ಸಂತಾನವಿಲ್ಲ.

ಮಮ್ಮಿ, ಅಂದಿನಿಂದ ನಾನು ಕೂತಲ್ಲಿ ಕೂರುತ್ತಿಲ್ಲ. ಬಸ್ಸಿನಲ್ಲಿ ನನ್ನ ಸ್ಟಾಪ್ ದಾಟಿ ಹೋಗುತ್ತೇನೆ. ಇಷ್ಟು ಬರೆಯುವುದರೊಳಗೆ ಗ್ಯಾಸ್ ಆರಿಸಿದ್ದೇನೋ ಎಂದು ಮೂರು ಸಲ ಎದ್ದು ನೋಡಿದೆ.

ನಿನ್ನ ಅಪ್ಪನ ಹೆಸರೇಕೆ ಆರ್ಚಿಬಾಲ್ಡ್? ಸಾಲ್ವದೋರ್, ಪಾಸ್ಕಲ್‌ಗಳೇ ತುಂಬಿದ ನಮ್ಮ ವಾಡೆಯ ಮನೆಗಳಲ್ಲಿ ಅಂಥ ಹೆಸರು ಇನ್ನೊಬ್ಬರಿಗಿಲ್ಲ. ಅಜ್ಜನ ತಂದೆ ಹಡಗಿನ ಖಲಾಸಿ, ಸಮುದ್ರಪಾಲಾದ ಎಂದು ನೀನು ಹೇಳುತ್ತಿದ್ದೆ. ಅಜ್ಜ ನನಗೆ ಹೇಳಿದ್ದು ಇಷ್ಟೇ: ತನ್ನ ತಾಯಿ ಬಂದರಿನ ದೊರೆಯ ಬಂಗಲೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ನಮ್ಮಲ್ಲಿ ಮೊದಲ ಗಂಡುಮಗುವಿಗೆ ತಂದೆಯ ತಂದೆಯ ಹೆಸರು ತಾನೆ? ಗಿಲ್‌ಮೋರರಲ್ಲೂ ಅದೇ ಕ್ರಮ. ತಲೆಮಾರು ಬಿಟ್ಟು ತಲೆಮಾರಿಗೆ ಆರ್ಚಿಬಾಲ್ಡ್. ಓದುಬರಹ ಬಾರದ ಆ ಹೆಂಗಸು ಪಾದ್ರಿಯ ಮುಂದೆ ಮಗುವಿನ ತಂದೆಯ ಹೆಸರು ಹೇಳಲಾರದೆ, ಆ ಜೇಮ್ಸನ ತಂದೆಯ ಹೆಸರನ್ನು ಮಗುವಿಗೆ ಇಡಿಸಿದಳು.

ಅಜ್ಜ ತೀರಿಕೊಂಡಾಗ ಇಗರ್ಜಿಯಲ್ಲಿ ಅವನ ಹೆಸರು ಹುಡುಕಲು ಜ್ಞಾನಸ್ನಾನದ ಪುಸ್ತಕ ತೆರೆದದ್ದು ನೆನಪಿದೆಯೇ? ನನಗೆ ಹದಿನೈದು. ನಾನು ಬಗ್ಗಿದೊಡನೆ ನೀನು ಪುಟದ ಮೇಲೆ ಅಂಗೈ ಇಟ್ಟೆ. ಏನಿದೆ ಎಂದು ಕೇಳಿದ್ದಕ್ಕೆ ಮನೆಯಲ್ಲಿ ಕೆನ್ನೆಗೆ ಬಿತ್ತು. ಆಮೇಲೆ ನೀನೂ ಅಡುಗೆಮನೆಯಲ್ಲಿ ಅತ್ತೆ; ನಾನು ನೋಡಿದ್ದೆ.

ಗಂಡ ಕಜೆಟನ್‌ಗೆ ಎಲ್ಲ ಹೇಳಿದೆ. ಅವರು ಆಗಷ್ಟೇ ಸಬ್ಹಾನ್ ಪ್ರದೇಶದ ಗೋದಾಮಿನಿಂದ ದಣಿದು ಬಂದಿದ್ದರು. ಸತ್ತವರ ಕತೆ ಖಲಾಸ್, ಅವರೇನು ನಿನಗೆ ಕೋಟೆ ಬರೆದುಕೊಡುತ್ತಾರಾ ಎಂದರು. ನನಗೆ ಯಾರ ಕೋಟೆಯೂ ಬೇಡ. ದನಗಳ್ಳನ ಹೆಸರು ದಪ್ಪ ಅಕ್ಷರದಲ್ಲಿದೆ, ಕಂಡವರ ಬಟ್ಟೆ ಒಗೆದು ಮಗನನ್ನು ಸಾಕಿದವಳಿಗೆ ಜಾಗವಿಲ್ಲ. ನನಗೆ ಸಿಟ್ಟು ಬರುತ್ತದೆ. ನಿನ್ನ ಭಯವೂ ಗೊತ್ತು. ರಾಯ್ಸ್ಟನ್‌ನ ಅತ್ತೆಯ ಕಿವಿಗೆ ಬಿದ್ದರೆ ಭಾನುವಾರದ ಪೂಜೆಯ ಹೊತ್ತಿಗೆ ಇಡೀ ಊರಿಗೆ ಗೊತ್ತಾಗುತ್ತದೆ.

ಸಾಹೇಬರಿಗೆ ಇನ್ನೂ ಏನೂ ಹೇಳಿಲ್ಲ. ನಿನ್ನ ಉತ್ತರ ಬರುವವರೆಗೆ ಆ ಹಾಳೆಯನ್ನು ಮುಟ್ಟುವುದಿಲ್ಲ. ನೀನು ಬೇಡವೆಂದರೆ ಬೇಡ. ಆಲಿವ್ ಮರಳುವಾಗ ಒಂದೇ ಸಾಲು ಬರೆದು ಕಳಿಸು.

ಇತಿ,
ಹೇಳಿದ ಮಾತು ಕೇಳದೆ ಪೆಟ್ಟು ತಿನ್ನುತ್ತಿದ್ದ ನಿನ್ನ ಮಗಳು,
ತೆರೆಸಾ

ತಾ.ಕ.: ಅಂಟಿಸಿದ ಲಕೋಟೆ ಬಿಡಿಸಿ ಬರೆಯುತ್ತಿದ್ದೇನೆ. ಕೊನೆಗೆ ಬರೆದದ್ದು ಸುಳ್ಳು, ಮಮ್ಮಿ. ಸಾಹೇಬರಿಗೆ ಹೇಳಿ ಮೂರು ವಾರವಾಯಿತು. ಪುರಾವೆ ಕೇಳಿದರು, ಹೆಸರಿಡುವ ಕ್ರಮ ವಿವರಿಸಿದೆ. ಹಾಳೆಗಳ ಮೇಲೆ ಬೆರಳಿಟ್ಟು ತಮ್ಮ ಆರ್ಚಿಬಾಲ್ಡ್‌ಗಳನ್ನು ಒಬ್ಬೊಬ್ಬರಾಗಿ ನೋಡಿದರು, ಆಮೇಲೆ ಟೈಪ್ ಮಾಡು ಎಂದರು. ‘ಸಂತಾನವಿಲ್ಲ’ ತೆಗೆದು ಅಜ್ಜನ ಹೆಸರು ಹಾಕಿದೆ. ಶನಿವಾರ ಸಾಹೇಬರು ಹಾಳೆಗಳ ಸಮೇತ ವಿಮಾನ ಹತ್ತಿದರು. ಮಗುವಿನ ತಾಯಿಯ ಹೆಸರನ್ನೂ ಕೇಳಿದ್ದರು. ಅಂದು ಇಗರ್ಜಿಯಲ್ಲಿ ನಿನ್ನ ಅಂಗೈ ತಂದೆಯ ಹೆಸರಿನ ಸಾಲನ್ನಷ್ಟೇ ಮುಚ್ಚಿತ್ತು, ತಾಯಿಯ ಹೆಸರು ಕಾಣುತ್ತಿತ್ತು. ಅಜ್ಜನೂ ಕ್ರಮ ತಪ್ಪಿಸಿರಲಿಲ್ಲ. ತನ್ನ ಮೊದಲ ಹೆಣ್ಣುಮಗುವಿಗೆ ತನ್ನ ತಾಯಿಯ ಹೆಸರನ್ನೇ ಇಟ್ಟಿದ್ದ. ಹಾಗಾಗಿ ಇನ್ವರ್‌ಡೂನ್ ವಂಶಾವಳಿಯಲ್ಲಿ ನಾನು ಟೈಪ್ ಮಾಡಿದ್ದು ನಿನ್ನ ಹೆಸರು: ಸೆವ್ರಿನ್.