ಬಿಳಿ ಬಳಿಯದ ಸನ್‌ಸ್ಕ್ರೀನ್

ಮಾರ್ಚ್ ೧೮, ಬುಧವಾರ

ಕೊನೆಗೂ ನನ್ನ ಮುಖ ನನ್ನ ಮುಖದ ಹಾಗೇ ಕಾಣುವ ಸನ್‌ಸ್ಕ್ರೀನ್ ಸಿಕ್ಕಿತು. ಹಳೆಯದು ಬೆವರಿನ ಜೊತೆ ಕಣ್ಣಿಗಿಳಿದು ಉರಿಸುತ್ತಿತ್ತು, ಅದಕ್ಕೇ ಡಾಕ್ಟರು ಮಿನರಲ್ ಬಗೆಯದು ಹಚ್ಚಿಕೊಳ್ಳಲು ಹೇಳಿದ್ದರು. ಉರಿ ಹೋಯಿತು, ಆದರೆ ಮುಖದ ಮೇಲೆ ಬಿಳಿ ಪದರ ಉಳಿಯಿತು. ಸೋಮವಾರ ಗರುಡಾಚಾರ್‌ಪಾಳ್ಯದ ಸಿಗ್ನಲ್‌ನಲ್ಲಿ ಡ್ಯೂಟಿಗೆ ನಿಂತಿದ್ದಾಗ ಆಟೋದವನೊಬ್ಬ, "ಮೇಡಂ, ವಿಭೂತಿ ಸ್ವಲ್ಪ ಜಾಸ್ತಿ ಆಯ್ತು" ಎಂದು ಹೇಳಿ ಹೋದ. ನಗಬೇಕೋ ದಂಡ ಹಾಕಬೇಕೋ ತಿಳಿಯಲಿಲ್ಲ.

ತಪ್ಪು ನನ್ನದೇ. ಅಂಗಡಿಯಲ್ಲಿ ಮುಂಗೈಯ ಒಳಭಾಗಕ್ಕೆ ಹಚ್ಚಿ ನೋಡಿ ತಂದಿದ್ದೆ. ಬಿಸಿಲನ್ನೇ ಕಾಣದ ಆ ಚರ್ಮಕ್ಕೆ, ಹತ್ತು ವರ್ಷ ರಸ್ತೆಯಲ್ಲಿ ನಿಂತ ಮುಖದ ವಿಷಯ ಏನು ಗೊತ್ತು?

ಇವತ್ತು ಇಂದಿರಾನಗರದ ಅಂಗಡಿಯಲ್ಲಿ ಬಣ್ಣ ಬೆರೆಸಿದ ಮೂರು ಬಗೆಯನ್ನು ಹಣೆ, ಕೆನ್ನೆ, ಗದ್ದಕ್ಕೆ ಒಂದೊಂದಾಗಿ ಹಚ್ಚಿಕೊಂಡು, ಕನ್ನಡಿ ಹಿಡಿದು ಹೊರಗೆ ಬಿಸಿಲಿಗೆ ಬಂದು ನಿಂತೆ. ಅಂಗಡಿಯ ಹುಡುಗಿ ಹಿಂದೆಯೇ ಬಂದಳು.

"ಹಣೇದು ತಗೊಳ್ಳಿ ಮೇಡಂ, ಬೆಳ್ಳಗೆ ಕಾಣ್ತೀರ."

"ಬೆಳ್ಳಗಾಗೋಕೆ ಬಂದಿಲ್ಲಮ್ಮ. ಗದ್ದಕ್ಕೆ ಹಚ್ಚಿದ್ದು ಎಲ್ಲಿದೆ, ತೋರ್ಸು?"

ಅವಳು ಬಗ್ಗಿ ನನ್ನ ಗದ್ದದ ಮೇಲೆ ಹುಡುಕಿದಳು, ಗುರುತೇ ಸಿಗಲಿಲ್ಲ. ಅದನ್ನೇ ತಂದೆ, ಮೈಗೆ ಹಚ್ಚುವ ಅದೇ ಬಣ್ಣದ ಲೋಷನ್ನನ್ನೂ.

ಮನೆಯಲ್ಲಿ ಆ ಲೋಷನ್ನನ್ನು ಅವ್ವನ ಕೈಗೂ ಸವರಿದೆ. ಬೈಯಪ್ಪನಹಳ್ಳಿ ಮೆಟ್ರೋ ಸ್ಟೇಷನ್ ಹೊರಗೆ ದಿನವಿಡೀ ಸೊಪ್ಪು ಮಾರುವ ಕೈ, ನನ್ನದೇ ಬಣ್ಣ. ಅವಳು ಅದನ್ನು ಟ್ಯೂಬ್‌ಲೈಟಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ಹಚ್ಚಿದ್ದೇ ಕಾಣವಲ್ದು. ರೊಕ್ಕ ಯಾಕ ಕೊಟ್ಟಿ?"

"ಕಾಣಬಾರ್ದು ಅಂತನೇ ಕೊಟ್ಟೀನಿ, ಅವ್ವ."

ಅವಳು ಇನ್ನೊಂದು ಕೈಯನ್ನೂ ಮುಂದೆ ಚಾಚಿದಳು.